ಜುಬಾರಾನ ಎರಡನೇ ಪೆಟ್ಟಿಗೆ

ನಮ್ಮ ಅಬೂ ರೋಫ್ ಕೇರಿಯಲ್ಲಿ ಯಾರೂ ಒಬ್ಬರೇ ಹೋಗಿ ಏನನ್ನೂ ಕೊಳ್ಳುವುದಿಲ್ಲ. ಚಪ್ಪಲಿ ಕೊಳ್ಳಬೇಕಿದ್ದರೂ ಇಬ್ಬರು ಜೊತೆಗೆ ಬರುತ್ತಾರೆ. ಒಬ್ಬ ಅಟ್ಟೆ ಸರಿಯಿಲ್ಲ ಎನ್ನುತ್ತಾನೆ, ಇನ್ನೊಬ್ಬ ಬಣ್ಣ ಸರಿಯಿಲ್ಲ ಎನ್ನುತ್ತಾನೆ, ಕೊನೆಗೆ ದುಡ್ಡು ಕೊಟ್ಟವನು ತನ್ನ ಕಾಲಿಗೆ ಆಗದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬರುತ್ತಾನೆ. ಇದಕ್ಕೆ ನಾವು ಆತ್ಮೀಯತೆ ಎಂದು ಹೆಸರಿಟ್ಟುಕೊಂಡಿದ್ದೇವೆ. ಖಾರ್ಟೂಮ್‌ಗೆ ಎದುರು ದಡದ ಈ ಇಡೀ ಉಂದುರ್ಮಾನ್ ಊರಿನಲ್ಲಿ ನಮ್ಮಷ್ಟು ಆತ್ಮೀಯರು ಬೇರೆ ಇಲ್ಲ ಎಂದು ನಮ್ಮನ್ನು ನಾವೇ ಹೊಗಳಿಕೊಳ್ಳುತ್ತೇವೆ. ಜುಬಾರಾನ ಕಥೆ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಅವನು ಈ ಆತ್ಮೀಯತೆಯಲ್ಲೇ ಹುಟ್ಟಿ ಬೆಳೆದು ಅರ್ಧ ಉಸಿರು ಕಟ್ಟಿದವನು.

ಜುಬಾರಾನ ಅಪ್ಪ ಹಗ್ಗದ ಮಂಚ ಹೆಣೆಯುತ್ತಿದ್ದ. ಜುಬಾರಾನೂ ಹಗಲೆಲ್ಲ ಅದನ್ನೇ ಮಾಡುತ್ತಾನೆ. ಹಗ್ಗ ಎಳೆದೂ ಎಳೆದೂ ಅವನ ಬೆರಳುಗಳು ಬಾಳೆಕಾಯಿಯಷ್ಟು ದಪ್ಪವಾಗಿವೆ. ಹರೆಯದಲ್ಲಿ ಅವನಿಗೆ ಹಾಡಿನ ಹುಚ್ಚು. ಶಿಗೀದಿ ಎಂಬ ಮದುವೆ ಹಾಡುಗಾರನ ತಂಡದ ಹಿಂದೆ ಕುರ್ಚಿ ಹೊತ್ತುಕೊಂಡು ಅಲೆಯುತ್ತಿದ್ದ. ನಾನು ಆಗಲೇ ಆ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದೆ. ತನಗೂ ಏನಾದರೂ ವಾದ್ಯ ಕೊಡಿ ಎಂದು ಅವನು ಗೋಗರೆದ ದಿನ ಶಿಗೀದಿ ಅವನ ಅಂಗೈ ಹಿಡಿದು ನೋಡಿ ನಕ್ಕಿದ್ದು ನನಗೆ ನೆನಪಿದೆ.

“ಯಾ ಜೋಲ್, ಈ ಬೆರಳು ಮುಟ್ಟಿದ್ರೆ ಪಿಟೀಲು ಪುಡಿಪುಡಿ ಆಗುತ್ತೆ ಮಾರಾಯ. ದಪ್ಪ ತಂತೀದು ಏನಾದ್ರೂ ಇದ್ರೆ ಇವನ ಕೈಗೆ ಕೊಡ್ರಪ್ಪ.”

ದಪ್ಪ ತಂತಿಯದು ಬೇಸ್ ಗಿಟಾರ್ ಒಂದೇ ಇತ್ತು. ಅದನ್ನು ನುಡಿಸುತ್ತಿದ್ದವನು ಜೆದ್ದಾಕ್ಕೆ ಕೆಲಸ ಹುಡುಕಿಕೊಂಡು ಹೋಗಿದ್ದ. ಹೀಗೆ ಜುಬಾರಾ ಬೇಸ್ ಗಿಟಾರಿನವನಾದ. ಗಡ್ಡ ನೆರೆಯುವವರೆಗೂ ಶಿಗೀದಿಯ ಬೆನ್ನ ಹಿಂದೆ ನಿಂತು ನುಡಿಸಿದ. ಉಂದುರ್ಮಾನ್‌ನಲ್ಲಿ ಅರ್ಧ ಜನರ ಮದುವೆಗೆ ಅವನು ನುಡಿಸಿದ್ದಾನೆ, ಆದರೆ ಅವರಲ್ಲಿ ಒಬ್ಬರೂ ಅವನನ್ನು ಕೇಳಿಲ್ಲ. ಮದುವೆಗೆ ಬಂದವರಿಗೆ ಹಾಡುಗಾರನ ದನಿ ಬೇಕು, ನನ್ನ ಪಿಟೀಲು ಬೇಕು, ತಮಟೆಯ ಪೆಟ್ಟು ಬೇಕು. ಜುಬಾರಾನ ಆಂಪ್ಲಿಫೈಯರ್ ಒಂದೇ ಒಂದು ಸ್ಪೀಕರ್ ಇದ್ದ ಮೋಟು ಪೆಟ್ಟಿಗೆ. ಅದನ್ನು ನೆಲದ ಮೇಲೆ, ಶಿಗೀದಿಯ ಜುಬ್ಬಾದ ಮರೆಯಲ್ಲಿ ಇಡುತ್ತಿದ್ದರು. ಅದರಿಂದ ಹೊರಟ ಸದ್ದು ಮೊದಲ ಸಾಲಿನ ಕುರ್ಚಿಗಳ ಕಾಲಿನ ನಡುವೆಯೇ ಸತ್ತುಹೋಗುತ್ತಿತ್ತು.

ಹೆಂಗಸರು ಕೂರುವುದು ಚಪ್ಪರದ ಆ ಕಡೆಗೆ. ಜುಬಾರಾನ ಹೆಂಡತಿ ಬತೂಲ್ ಕೂಡ ಅಲ್ಲೇ ಕೂರುತ್ತಿದ್ದಳು. ಬತೂಲಳ ನಾಲಿಗೆಗೆ ನಮ್ಮ ಕೇರಿಯಲ್ಲಿ ಹೆದರದವರಿಲ್ಲ. ಹಗ್ಗದ ಮಂಚ ಹೆಣೆಯುವವನನ್ನು ಮದುವೆಯಾಗು ಎಂದು ಮನೆಯವರು ಹೇಳಿದಾಗ ಅವಳು ಆಗುವುದಿಲ್ಲ ಎಂದಿದ್ದಳಂತೆ. ಹುಡುಗ ವಾದ್ಯಗಾರನೂ ಹೌದು ಎಂದು ಗೊತ್ತಾದ ಮೇಲೆ ಒಪ್ಪಿದ್ದಳು. ಅದನ್ನು ಅವಳೂ ಮರೆತಿರಲಿಲ್ಲ, ಅವನಿಗೂ ಮರೆಯಲು ಬಿಟ್ಟಿರಲಿಲ್ಲ.

“ಇಜ್ಲಾಲ್ ಅಪ್ಪ, ನಾನು ಅಲ್ಲಿಂದ ನೋಡ್ತಾನೇ ಇರ್ತೀನಿ,” ಎನ್ನುತ್ತಿದ್ದಳು, ಮಗಳ ಹೆಸರು ಹಿಡಿದು ಗಂಡನನ್ನು ಕರೆಯುತ್ತಾ. “ನಿನ್ನ ಬೆರಳು ಆಡೋದು ಕಾಣುತ್ತೆ. ಖಾಲಿ ಪಾತ್ರೇಲಿ ಅಸೀದಾ ಮುದ್ದೆ ತಿರುವ್ದಂಗೆ. ಸದ್ದೆಲ್ಲಿ?”

“ಮನೇಲಿ ನುಡಿಸ್ತೀನಲ್ಲ.”

“ಮನೇಲಿ ನುಡಿಸಿದ್ರೆ ನೊಣ ಗುಂಯ್ ಅಂದಂಗೆ ಕೇಳುತ್ತೆ. ನಾನು ಮದುವೆ ಆಗಿದ್ದು ನೊಣಾನಾ?”

ಆಂಪ್ಲಿಫೈಯರ್ ಶಿಗೀದಿಯ ಉಗ್ರಾಣದಲ್ಲಿ ಇರುತ್ತಿದ್ದುದರಿಂದ ಮನೆಯಲ್ಲಿ ಬರಿಯ ತಂತಿ ಮೀಟುವುದೇ ಆಗಿತ್ತು. ಈ ಮಾತು ಅವರಿಬ್ಬರ ನಡುವೆ ವರ್ಷಗಟ್ಟಲೆ ನಡೆದಿತ್ತು. ಜುಬಾರಾ ನಗುತ್ತಿದ್ದ. ಆದರೆ ಅದು ಅವನಿಗೆ ಎಲ್ಲಿ ಚುಚ್ಚುತ್ತಿತ್ತು ಎಂದು ಅವನ ಪಕ್ಕದಲ್ಲೇ ನಿಂತು ನುಡಿಸುವ ನನಗೆ ಗೊತ್ತಿತ್ತು.

ಒಬ್ಬಳೇ ಮಗಳು ಇಜ್ಲಾಲಳ ಮದುವೆ ಗೊತ್ತಾಯಿತು. ಅದೇ ಹೊತ್ತಿಗೆ ಹೆಂಗಸರ ಚೀಟಿಯಲ್ಲಿ ಬತೂಲಳ ಸರದಿ ಬಂತು. ಅವಳು ಆ ಹಣವನ್ನು ಗಂಡನ ಮುಂದೆ ಇಟ್ಟಳು.

“ಬಟ್ಟೆ ಬೇಡ, ಪಾತ್ರೆ ಬೇಡ. ನಿನ್ನ ಆ ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆ ಜೋಡಿಸ್ಬೋದು ಅಂತ ಹೇಳ್ತಿದ್ದೆಯಲ್ಲ, ಅದನ್ನ ತಗೋ. ನನ್ನ ಮಗಳ ಮದುವೆ ದಿನ ನಾನು ಹೆಂಗಸರ ಮಧ್ಯೆ ಕೂತಿರ್ತೀನಿ. ನೀನು ನುಡಿಸಿದ್ದು ಅಲ್ಲಿಗೆ ಬಂದು ನನ್ನ ಕಿವಿಗೆ ಬೀಳ್ಬೇಕು. ಅವತ್ತೂ ಬೀಳ್ಲಿಲ್ವಾ, ಆ ಗಿಟಾರ್‌ನ ನಾನೇ ಒಲೆಗೆ ಹಾಕ್ತೀನಿ.”

ಜುಬಾರಾ ಜೀವನದಲ್ಲಿ ಮೊದಲ ಸಲ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ. ನದಿಯಾಚೆ ಖಾರ್ಟೂಮ್‌ನ ಹೋಟೆಲೊಂದರಲ್ಲಿ ಬೇಸ್ ನುಡಿಸುವವನ ಹತ್ತಿರ ಹೋಗಿ ಕೇಳಿಕೊಂಡು ಬಂದ. ಆತ ಎರಡೇ ಮಾತು ಹೇಳಿದ್ದ. ಆಂಪ್ಲಿಫೈಯರಿನ ಬೆನ್ನ ಮೇಲೆ ಬರೆದಿರುವ ವಿದ್ಯುತ್ತಿನ ಓಮ್ ಲೆಕ್ಕಕ್ಕೂ ಪೆಟ್ಟಿಗೆಯ ಲೆಕ್ಕಕ್ಕೂ ಹೊಂದಬೇಕು, ಇಲ್ಲದಿದ್ದರೆ ಆಂಪ್ಲಿಫೈಯರ್ ಸುಟ್ಟು ಕರಕಲಾಗುತ್ತದೆ. ಅದಕ್ಕಿಂತ ಮುಖ್ಯ, ನಿನ್ನದೇ ಗಿಟಾರ್ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ನುಡಿಸಿ ಕೇಳು, ಕೇಳದೆ ಕೊಳ್ಳಬೇಡ.

ಒಬ್ಬನೇ ಹೋಗಿದ್ದರೆ ಅವನು ಹಾಗೆಯೇ ಮಾಡುತ್ತಿದ್ದನೋ ಏನೋ. ಆದರೆ ಗಿಟಾರ್ ಚೀಲ ಹೆಗಲಿಗೆ ಹಾಕಿಕೊಂಡು ಅವನು ಬಾಗಿಲು ದಾಟುವಷ್ಟರಲ್ಲಿ ಹಸಬೂ ಮಾವ ಬೆತ್ತ ಹಿಡಿದು ಬೀದಿಯಲ್ಲಿ ನಿಂತಿದ್ದ.

ಹಸಬೂ ಮಾವ ಬತೂಲಳ ಸೋದರಮಾವ. ಕೇರಿಗೆಲ್ಲ ಮಾವ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ತಂತಿ ಇರುವ ಸಕಲ ವಸ್ತುಗಳ ವಿಷಯದಲ್ಲಿ ಅವನದೇ ಕೊನೆಯ ಮಾತು. ಅವನು ಆ ಕಚೇರಿಯಲ್ಲಿ ಮಾಡುತ್ತಿದ್ದುದು ಹಾಜರಿ ಪುಸ್ತಕ ಕಾಯುವ ಕೆಲಸ ಎಂದು ಎಲ್ಲರಿಗೂ ಗೊತ್ತು, ಹೇಳುವವರು ಯಾರೂ ಇಲ್ಲ. ಜೊತೆಗೆ ಬಾಬಿಕರ್ ಮೇಷ್ಟ್ರು ಹೊರಟರು. ಮೇಷ್ಟ್ರು ಪಾಠ ಹೇಳುವುದು ಭೂಗೋಳ, ಮಾತಾಡುವುದು ಉಳಿದದ್ದೆಲ್ಲ. ಸಂಗೀತದವನೊಬ್ಬ ಇರಲಿ ಎಂದು ನನ್ನನ್ನೂ ಎಳೆದುಕೊಂಡರು.

ಕರ್ರಾರ್ ಎಂಬುವನ ಅಂಗಡಿ ದೊಡ್ಡ ಸಂತೆಯ ಹಿಂಭಾಗದಲ್ಲಿದೆ. ಹಳೆಯ ಮೈಕು, ಮದುವೆ ದೀಪದ ಸರ, ಸ್ಪೀಕರು ಎಲ್ಲ ಮಾರುತ್ತಾನೆ. ಅವತ್ತು ಅವನಲ್ಲಿ ಎರಡು ಪೆಟ್ಟಿಗೆ ಇದ್ದವು. ಒಂದು ಕರ್ರಗೆ, ಮೋಟಾಗಿ, ಮೂಲೆಯೆಲ್ಲ ತರಚಿಕೊಂಡಿತ್ತು. ಒಳಗೆ ತಟ್ಟೆಯಷ್ಟು ಅಗಲದ ಒಂದೇ ಸ್ಪೀಕರು. ಇನ್ನೊಂದು ಮನುಷ್ಯನ ಎದೆಯೆತ್ತರಕ್ಕೆ ನಿಂತಿತ್ತು, ಬೆಳ್ಳಿ ಬಣ್ಣದ ಮೂಲೆ, ಮುಂದೆ ಮಿರಿಮಿರಿ ಬಟ್ಟೆ, ಅಡಿಯಲ್ಲಿ ಚಕ್ರ. ಜುಬಾರಾ ಕರಿಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆನ್ನಿನ ಚೀಟಿ ಓದಿದ. ಲೆಕ್ಕ ಹೊಂದುತ್ತಿತ್ತು. ಗಿಟಾರ್ ಚೀಲದ ದಾರಕ್ಕೆ ಕೈ ಹಾಕಿದ.

“ಇದನ್ನೊಂದ್ಸಲ ನುಡಿಸಿ ನೋಡ್ಲಾ ಮಾವ?”

“ಏನಯ್ಯ ಇದು, ಇದ್ದಿಲು ಮೂಟೆ!” ಹಸಬೂ ಮಾವ ಬೆತ್ತದಿಂದ ಅದನ್ನು ತಿವಿದ. “ಹುಡುಗನ ಕಡೆಯೋರು ಬರ್ತಾರೆ, ಊರಿಗೆ ಊರೇ ಬರುತ್ತೆ. ಮಗಳ ಮದುವೇಲಿ ಇದನ್ನ ಇಟ್ಕೊಂಡು ನಿಂತ್ಕೋತೀಯಾ? ನೋಡು ಆ ಕಡೆ. ಅದು ಪೆಟ್ಟಿಗೆ ಅಂದ್ರೆ!”

“ಅದರಲ್ಲಿ ನಾಲ್ಕು ಸ್ಪೀಕರು,” ಎಂದರು ಮೇಷ್ಟ್ರು. “ಒಂದಕ್ಕಿಂತ ನಾಲ್ಕು ಜಾಸ್ತಿ. ಇದಕ್ಕೆ ನುಡಿಸಿ ನೋಡೋದೇನು ಬಂತು?”

ಕರ್ರಾರ್ ಬಾಯಿ ತೆರೆದ. “ಒಂದ್ನಿಮಿಷ ಮಾವ, ಆ ನಾಲ್ಕು ಸ್ಪೀಕರಿನ ವಿಷಯ ನಿಮಗೆ ಹೇಳ್ಬೇಕಾಗಿತ್ತು…”

ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಅವನ ತಿಂಡಿಯ ತಟ್ಟೆ ಬಂತು. ಎಳ್ಳೆಣ್ಣೆ ಸುರಿದ ಫೂಲ್ ಕಾಳು, ಈರುಳ್ಳಿ, ತೆಳ್ಳಗಿನ ಕಿಸ್ರಾ ದೋಸೆ. ತಟ್ಟೆ ಎದುರಿಗಿರುವಾಗ ಬಂದವರನ್ನು ಕೂರಿಸದಿದ್ದರೆ ಅವನು ನಮ್ಮೂರಿನವನೇ ಅಲ್ಲ. ನಾವು ಬೇಡವೆನ್ನಲೇಬೇಕು, ಬೇಡವೆಂದೆವು. ಅವನು ಆಣೆ ಇಡಲೇಬೇಕು, ಇಟ್ಟ.

“ತಿನ್ನದೆ ಎದ್ದುಹೋದ್ರೆ ನನ್ನ ಹೆಂಡ್ತಿಗೆ ತಲಾಖ್ ಕೊಟ್ಟ ಹಾಗೆ, ನೋಡಿ ಮತ್ತೆ!”

ನಮ್ಮೂರಿನಲ್ಲಿ ಎಷ್ಟು ಹೆಂಗಸರ ಸಂಸಾರ ದಿನಬೆಳಗಾದರೆ ಫೂಲ್ ತಟ್ಟೆಯ ಅಂಚಿನಲ್ಲಿ ನೇತಾಡುತ್ತದೋ ದೇವರಿಗೇ ಗೊತ್ತು. ಅವನ ಸಂಸಾರ ಉಳಿಸಲು ನಾವು ಕೂತು ತಿಂದೆವು. ಗಿಟಾರ್ ಚೀಲದೊಳಗೇ ಗೋಡೆಗೆ ಒರಗಿ ನಿಂತಿತು.

ತಿನ್ನುತ್ತಿರುವಾಗ ಕರ್ರಾರ್ ಮತ್ತೆ ಶುರುಮಾಡಿದ. “ಆ ಎತ್ತರದ ಪೆಟ್ಟಿಗೆ ಒಳಗೆ…”

“ಛೆ ಛೆ! ಅನ್ನದ ಮುಂದೆ ವ್ಯಾಪಾರ ಬೇಡಪ್ಪ,” ಎಂದು ಹಸಬೂ ಮಾವ ಅವನ ಬಾಯಿ ಮುಚ್ಚಿಸಿದ. “ನೀನು ನಮಗೆ ಉಪ್ಪು ಹಾಕಿದೋನು. ನಿನ್ನ ಸಾಮಾನನ್ನ ನಾವು ಅನುಮಾನದಿಂದ ನೋಡ್ತೀವಾ? ನಮ್ಮನ್ನ ಅಷ್ಟು ಕೀಳು ಅಂದ್ಕೊಂಡ್ಯಾ?”

ತಿಂದಾದ ಮೇಲೆ ಜುಬಾರಾ ಹಿಂಜರಿಯುತ್ತಲೇ ಚೀಲದ ಕಡೆ ನೋಡಿದ. ಮಾವ ಕಣ್ಣು ಕೆಕ್ಕರಿಸಿದ. ಒಬ್ಬನ ತಟ್ಟೆಯಲ್ಲಿ ತಿಂದು ಕೈ ಆರುವ ಮೊದಲೇ ಅವನ ಸಾಮಾನನ್ನು ಪರೀಕ್ಷೆ ಮಾಡುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಜುಬಾರಾ ಕೈ ಹಿಂದಕ್ಕೆ ತೆಗೆದುಕೊಂಡ. ಮೇಷ್ಟ್ರು ಎತ್ತರದ ಪೆಟ್ಟಿಗೆಯನ್ನು ಒಂದು ಕಡೆಯಿಂದ ಎತ್ತಿ ನೋಡಿದರು.

“ಎಷ್ಟು ಹಗುರ ನೋಡಿ! ವಿದೇಶದ ಮಾಲು ಹೀಗೇ ಇರುತ್ತೆ. ನಮ್ಮೋರು ಮಾಡಿದ್ರೆ ಎತ್ತೋಕೆ ಒಂಟೆ ಬೇಕಾಗಿತ್ತು.”

“ಅದು ಹಗುರ ಯಾಕಂದ್ರೆ…” ಎಂದ ಕರ್ರಾರ್.

ಹಸಬೂ ಮಾವ ಆಗಲೇ ಎರಡೂ ಅಂಗೈ ಮೇಲೆತ್ತಿದ್ದ. “ಅಲ್ ಫಾತಿಹಾ!”

ಎಲ್ಲರೂ ಅಂಗೈ ಎತ್ತಿ ಫಾತಿಹಾ ಪ್ರಾರ್ಥನೆ ಓದಿ ಮುಖ ಸವರಿಕೊಂಡೆವು. ಹೆಣ್ಣು ಗೊತ್ತುಮಾಡುವಾಗಲೂ ನಮ್ಮಲ್ಲಿ ಹೀಗೆಯೇ. ಓದಿ ಮುಗಿದ ಮೇಲೆ ಮಾತಿಲ್ಲ. “ಫಾತಿಹಾ ಓದಿದ ಮೇಲೆ ಮುಗೀತು, ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ,” ಎಂದು ಮಾವ ಘೋಷಿಸಿಯೂಬಿಟ್ಟ. ಕರ್ರಾರ್ ಅರ್ಧ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಹಣ ತೆಗೆದುಕೊಂಡ. ಮೇಷ್ಟ್ರ ತಮ್ಮನ ಮದುವೆಗೆ ಇನ್ನು ಮೂರೇ ದಿನ ಇದ್ದುದರಿಂದ ಪೆಟ್ಟಿಗೆಯನ್ನು ನೆಟ್ಟಗೆ ಆ ಮದುವೆ ಮನೆಗೇ ಉರುಳಿಸಿಕೊಂಡು ಹೋಗಿ ಬಿಟ್ಟುಬಂದೆವು.

ಆ ಮದುವೆಯಲ್ಲಿ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎತ್ತರದ ಪೆಟ್ಟಿಗೆಯನ್ನು ತಂಡದ ಮುಂದುಗಡೆ ನಿಲ್ಲಿಸಿ, ಹಳೆಯ ಮೋಟು ಆಂಪ್ಲಿಫೈಯರಿನಿಂದ ಅದಕ್ಕೆ ತಂತಿ ಸಿಕ್ಕಿಸಿದರು. ಮೊದಲ ಹಾಡು ಶುರುವಾಯಿತು. ನನ್ನ ಕಿವಿಗೆ ಏನೂ ಬದಲಾದಂತೆ ಕಾಣಲಿಲ್ಲ. ಆದರೆ ಹಸಬೂ ಮಾವ ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಿಂದ ಎದ್ದ.

“ಅಲ್ಲಾ! ಪಕ್ಕೆಲುಬು ನಡುಗ್ತಿದೆ! ಕೇಳ್ತಿದೆಯೇನ್ರಯ್ಯ?”

ಕೇಳುತ್ತಿಲ್ಲ ಎನ್ನುವ ಗಂಡಸು ನಮ್ಮ ಕೇರಿಯಲ್ಲಿ ಎಲ್ಲಿದ್ದಾನೆ? ಮೇಷ್ಟ್ರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ತಲೆದೂಗಿದರು. ಒಬ್ಬ ತನ್ನ ಚಹಾ ಲೋಟದಲ್ಲಿ ಅಲೆ ಎದ್ದಿತೆಂದ. ಇನ್ನೊಬ್ಬ ತನ್ನ ಕಿವಿ ಮುಚ್ಚಿಕೊಂಡ. ನಮ್ಮಲ್ಲಿ ಹಾಡು ಹಿಡಿಸಿದರೆ ಗಂಡಸರು ಕೈ ಮೇಲೆತ್ತಿ ಚಿಟಿಕೆ ಹೊಡೆಯುತ್ತಾ ಹಾಡುಗಾರನ ಮುಂದೆ ಬಂದು ನಿಲ್ಲುತ್ತಾರೆ. ಅವತ್ತು ಅವರೆಲ್ಲ ಶಿಗೀದಿಯನ್ನು ಬಿಟ್ಟು ಪೆಟ್ಟಿಗೆಯ ಮುಂದೆ ನಿಂತು ಚಿಟಿಕೆ ಹೊಡೆದರು. ಶಿಗೀದಿ ಹಾಡುತ್ತಲೇ ಅದರ ಕಡೆ ಸವತಿಯನ್ನು ನೋಡಿದಂತೆ ನೋಡಿದ. ಜುಬಾರಾನಿಗೆ ಜನ ಕೈ ಕುಲುಕಿದರು, ತಬ್ಬಿಕೊಂಡರು, ಮುಂದಿನ ಮದುವೆಗೆ ಈಗಲೇ ಕರೆದರು. ಇಷ್ಟು ವರ್ಷದಲ್ಲಿ ಅವನ ಹೆಸರು ಹಿಡಿದು ಯಾರೂ ಕೂಗಿರಲಿಲ್ಲ. ಅವನು ತೇಲುತ್ತಾ ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ನಾನು ಅವನ ಅಂಗಳದಲ್ಲಿ ಹಾಲಿನ ಚಹಾ ಕುಡಿಯುತ್ತಿದ್ದೆ. ಪೆಟ್ಟಿಗೆ ನೀರಿನ ಮಡಕೆಗಳ ಪಕ್ಕದಲ್ಲಿ ರಾಜನ ಹಾಗೆ ನಿಂತಿತ್ತು.

“ಹೇಳು ಮತ್ತೆ, ಕೇಳಿಸ್ತಾ?” ಎಂದ ಜುಬಾರಾ, ಉತ್ತರ ಗೊತ್ತಿರುವವನ ಧಾಟಿಯಲ್ಲಿ.

“ಪೆಟ್ಟಿಗೆ ಕಾಣ್ಸಿತು,” ಎಂದಳು ಬತೂಲ್. “ನೀನು ಕೇಳಿಸ್ಲಿಲ್ಲ.”

“ಇಡೀ ಕೇರಿಗೆ ಕೇಳಿಸಿದೆ ಕಣೇ! ಹಸಬೂ ಮಾವನ ಪಕ್ಕೆಲುಬೇ ನಡುಗಿತಂತೆ!”

“ಹಸಬೂ ಮಾವ ನದೀಲಿ ಮೊಸಳೆ ಜೊತೆ ಕುಸ್ತಿ ಮಾಡಿದ್ದನ್ನೂ ಇಡೀ ಕೇರಿ ನಂಬಿದೆ. ನನ್ನ ಕಿವಿ ಕೇರಿಗೆ ಸೇರಿದ್ದಲ್ಲ.”

ಅವಳು ಎದ್ದು ಬಂದು, ಮಡಕೆಯಲ್ಲಿ ನೀರು ಎಷ್ಟಿದೆ ಎಂದು ದಿನಾ ನೋಡುವ ಹಾಗೆ, ಮಡಚಿದ ಬೆರಳಿಂದ ಪೆಟ್ಟಿಗೆಯ ಮೇಲೆ ಮೂರು ಕಡೆ ತಟ್ಟಿದಳು. ಆಮೇಲೆ ಪಕ್ಕದ ಖಾಲಿ ಮಡಕೆಗೆ ತಟ್ಟಿದಳು. ಎರಡೂ ಒಂದೇ ಸದ್ದು.

“ನೀನೇ ಕೇಳು,” ಎಂದು ಒಳಗೆ ಹೋದಳು.

ಜುಬಾರಾ ತಾನೂ ಒಮ್ಮೆ ಪೆಟ್ಟಿಗೆಗೆ, ಒಮ್ಮೆ ಮಡಕೆಗೆ ತಟ್ಟಿ ನೋಡಿದ. ಆಮೇಲೆ ಸ್ಕ್ರೂಡ್ರೈವರ್ ತಂದು ಬೆನ್ನಿನ ಹಲಗೆ ಬಿಚ್ಚಿದ. ಒಳಗೆ ನಾಲ್ಕು ದುಂಡನೆಯ ತೂತುಗಳು, ಅವುಗಳ ಮುಂದೆ ಮಿರಿಮಿರಿ ಬಟ್ಟೆ, ಎಲ್ಲಿಗೂ ಸೇರದೆ ಜೋತಾಡುವ ಎರಡು ತಂತಿ, ಒಂದು ಹಲ್ಲಿ. ಸ್ಪೀಕರು ಎಂಬುದೇ ಇರಲಿಲ್ಲ. ಊರಿನ ಪಕ್ಕೆಲುಬು ನಡುಗಿಸಿದ್ದು ಹಲ್ಲಿ ಇರಬೇಕು. ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ.

ನಾವು ಕರ್ರಾರ್‌ನ ಅಂಗಡಿಗೆ ಹೋದಾಗ ಜಗಳಕ್ಕೆ ತಯಾರಾಗಿಯೇ ಹೋಗಿದ್ದೆವು. ಅವನು ನಮ್ಮನ್ನು ಕಂಡವನೇ ಮೂಲೆಯಿಂದ ಒಂದು ಗೋಣಿಚೀಲ ಎಳೆದು ಮುಂದಿಟ್ಟ. ಅದರಲ್ಲಿ ಹೊಸ ಕಾಗದ ಅಂಟಿಸಿದ ನಾಲ್ಕು ಸ್ಪೀಕರುಗಳಿದ್ದವು.

“ಕೊನೆಗೂ ಬಂದ್ರಲ್ಲ! ಇವು ರಿಪೇರಿಗೆ ಹೋಗಿದ್ವು ಮಾರಾಯ್ರೆ. ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ನಿಮ್ಮ ಮಾವ ಮುಚ್ಚಿಸ್ತಾರೆ. ಊಟ ಮಾಡಿದ ಅತಿಥಿಗಳು ಹೊಗಳ್ತಾ ಇರೋವಾಗ ನಿಮ್ಮದು ತಪ್ಪು ಅಂತ ಹೆಂಗೆ ಹೇಳ್ಲಿ? ಫಾತಿಹಾ ಬೇರೆ ಓದಿಬಿಟ್ರು. ಮಾರನೇ ದಿನ ನಿಮ್ಮ ಮಾವನ ಮನೆಗೇ ಹೋಗಿ, ಪೆಟ್ಟಿಗೆ ಖಾಲಿ ಇದೆ, ಸ್ಪೀಕರ್ ತಗೊಂಡ್ಹೋಗೋಕೆ ಹೇಳಿ ಅಂತ ಹೇಳಿ ಬಂದೆನಲ್ಲ. ಅವರು ಹೇಳ್ಲಿಲ್ವಾ?”

ಅಂದರೆ ಪಕ್ಕೆಲುಬಿನ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತ ಹೊತ್ತಿಗೆ ಹಸಬೂ ಮಾವನಿಗೆ ಪೆಟ್ಟಿಗೆ ಖಾಲಿ ಎಂದು ಗೊತ್ತಿತ್ತು. ನನಗೆ ಮೈ ಉರಿಯಿತು. ಜುಬಾರಾನನ್ನು ಎಳೆದುಕೊಂಡು ನೇರ ಅವನ ಮನೆಗೆ ಹೋದೆ. ಮಾವ ಮಂಚದ ಮೇಲೆ ಮಲಗಿ ಹಲ್ಲುಕಡ್ಡಿ ಜಗಿಯುತ್ತಿದ್ದ. ಅವನಿಗೆ ನಾಚಿಕೆ ಎಂಬುದು ಒಂದಿಷ್ಟೂ ಇರಲಿಲ್ಲ.

“ಗೊತ್ತಿತ್ತು. ಏನೀಗ? ನಾನು ಆರಿಸಿದ ಪೆಟ್ಟಿಗೆ ಖಾಲಿ ಅಂತ ನಾನೇ ಡಂಗುರ ಹೊಡೀಬೇಕಾಗಿತ್ತಾ? ಮದುವೇಲಿ ಯಾರಾದ್ರೂ ಕೇಳಿಸ್ಲಿಲ್ಲ ಅಂದ್ರಾ? ಎಲ್ಲರಿಗೂ ಕೇಳಿಸ್ತಲ್ಲ! ಇನ್ನು ಸ್ಪೀಕರ್ ಯಾಕೆ?”

“ಬತೂಲ್‌ಗೆ ಕೇಳಿಸ್ಲಿಲ್ಲ ಮಾವ,” ಎಂದ ಜುಬಾರಾ ಮೆಲ್ಲಗೆ.

“ಹೆಂಗಸರಿಗೆ ಸಂಗೀತ ಏನು ಗೊತ್ತು! ನೋಡು ಜುಬಾರಾ, ಪೆಟ್ಟಿಗೆ ಹೇಗಿದೆಯೋ ಹಾಗೇ ಇರ್ಲಿ. ಈಗ ಸದ್ದು ಬೇರೆ ಥರ ಬಂದ್ರೆ, ಮೊದಲು ಏನಾಗಿತ್ತು ಅಂತ ಜನ ಕೇಳ್ತಾರೆ. ಇಜ್ಲಾಲ್ ಮದುವೇಲಿ ಹಿರಿಯನಾಗಿ ನಿಲ್ಲೋನು ನಾನು. ನನ್ನ ಮರ್ಯಾದೆ ಹೋದ್ರೆ ನಿನ್ನ ಮಗಳದ್ದೂ ಹೋದ ಹಾಗೆ. ಅಷ್ಟಕ್ಕೂ ಹುಡುಗಿ ಅಪ್ಪ ಬಾಗಿಲಲ್ಲಿ ನಿಂತು ಬಂದೋರ ಕೈ ಕುಲುಕ್ಬೇಕು. ತಂಡದ ಜೊತೆ ನಿಂತು ದುಂ ದುಂ ಅಂತಾನಾ ಯಾರಾದ್ರೂ?”

ಜುಬಾರಾ ಯಾರಿಗೂ ಇಲ್ಲ ಎಂದವನಲ್ಲ. ಅವತ್ತೂ ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ಹೊರಗೆ ಬಂದ. ಇವನ ಗಿಟಾರ್ ಒಲೆಗೆ ಹೋಗುವುದೇ ಸರಿ ಎಂದುಕೊಂಡು ನಾನು ಅವನನ್ನು ಬೀದಿಯಲ್ಲೇ ಬೈದೆ. ಅವನು ಸ್ಪೀಕರುಗಳಿದ್ದ ಗೋಣಿಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಮನೆಗೆ ಹೋಗಿ ಅಂಗಳದಲ್ಲಿ ಕೂತು, ಮಂಚದ ಹಗ್ಗ ಬಿಗಿಯುವ ಅದೇ ನಿಧಾನದಲ್ಲಿ, ನಾಲ್ಕು ಸ್ಪೀಕರುಗಳನ್ನೂ ತೂತುಗಳಿಗೆ ಕೂರಿಸಿ ಸ್ಕ್ರೂ ಬಿಗಿದ. ಲೆಕ್ಕ ಹೊಂದುತ್ತದೆಯೇ ಎಂದು ಎರಡು ಸಲ ನೋಡಿಕೊಂಡ. ಬೆನ್ನಿನ ಹಲಗೆ ಮುಚ್ಚಿದ. ಬತೂಲಳ ಮುಂದೆಯೂ ಏನೂ ಹೇಳಲಿಲ್ಲ.

ಇಜ್ಲಾಲಳ ಮದುವೆಗೆ ಊರಿಗೆ ಊರೇ ಬಂತು. ಜುಬಾರಾ ಹೊಸ ಜುಬ್ಬಾ ತೊಟ್ಟು, ಹೊಸ ರುಮಾಲು ಸುತ್ತಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿದ. ಹೆಣ್ಣು ಗಂಡು ಬಂದು ಕೂತ ಮೇಲೆ ಶಿಗೀದಿಯ ಹತ್ತಿರ ಬಂದು, ಮೂರು ಹಾಡಿಗೆ ಮಾತ್ರ ನಿಲ್ಲುತ್ತೇನೆ ಎಂದು ಗಿಟಾರ್ ಎತ್ತಿಕೊಂಡ.

ಮೊದಲ ತಂತಿ ಮೀಟಿದ ಕೂಡಲೇ ನನ್ನ ಕಾಲಡಿಯ ಹಲಗೆ ಅದುರಿತು. ದಪ್ಪ, ದುಂಡನೆಯ ಸದ್ದು ಚಪ್ಪರದ ಉದ್ದಕ್ಕೂ ಹೋಗಿ ಆಚೆಯ ಗೋಡೆ ಮುಟ್ಟಿತು. ಹೆಂಗಸರ ಕಡೆ ಒಂದಷ್ಟು ತಲೆಗಳು ಒಟ್ಟಿಗೆ ತಿರುಗಿದವು. ಇಷ್ಟು ವರ್ಷ ಅವನ ಪಕ್ಕದಲ್ಲಿ ನಿಂತಿದ್ದರೂ ಅವನನ್ನು ನಾನೇ ಸರಿಯಾಗಿ ಕೇಳಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಚೆನ್ನಾಗಿ ನುಡಿಸುತ್ತಾನೆ, ಕತ್ತೆ!

ಇನ್ನು ನಮ್ಮ ಕೇರಿಯ ಗಂಡಸರು. ಮೇಷ್ಟ್ರು ಮುಖ ಸಿಂಡರಿಸಿಕೊಂಡು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು, ಬೆಚ್ಚಿ ಹಿಂದಕ್ಕೆ ತೆಗೆದರು.

“ಏನೋ ಆಗಿದೆ ಇದಕ್ಕೆ,” ಎಂದರು ಸುತ್ತಲಿನವರಿಗೆ. “ಅವತ್ತಿನ ಗಾಂಭೀರ್ಯ ಇಲ್ಲ. ಒಂಟೆ ಗುರುಗುಟ್ಟಿದ ಹಾಗಿದೆ.”

“ಹೌದು ಹೌದು, ನಮ್ಮ ತಮ್ಮನ ಮದುವೇಲಿ ಎಷ್ಟು ಚೆನ್ನಾಗಿತ್ತು!” ಎಂದ ಮೇಷ್ಟ್ರ ಅಣ್ಣ. ಲೋಟದಲ್ಲಿ ಅಲೆ ಕಂಡವನು ಇವತ್ತು ತನ್ನ ಲೋಟದಲ್ಲಿ ನಿಜವಾಗಿಯೂ ಎದ್ದ ಅಲೆಯನ್ನು ನೋಡದೆ ತಲೆಯಾಡಿಸಿದ. ಸ್ಪೀಕರು ಹಾಕಿದ್ದು ಗೊತ್ತಿಲ್ಲದ ನಮ್ಮವರೆಲ್ಲ ಪೆಟ್ಟಿಗೆ ಕೆಟ್ಟುಹೋಯಿತೆಂದು ಒಮ್ಮತದಿಂದ ತೀರ್ಮಾನಿಸಿದರು. ಅವತ್ತು ತಾವು ಕೇಳಿದ್ದೇನು ಎಂಬ ಅನುಮಾನ ಅವರಲ್ಲಿ ಒಬ್ಬನಿಗೂ ಬರಲಿಲ್ಲ. ಹಸಬೂ ಮಾವ ಸುಮ್ಮಸುಮ್ಮನೆ ಹೆದರಿದ್ದ, ಅಷ್ಟೆ.

ಆದರೂ ಅವನು ಹೆದರಿಯೇ ಇದ್ದ. ಎರಡನೇ ಹಾಡಿನ ಮಧ್ಯೆ ಬೆತ್ತ ಊರುತ್ತ ತಂಡದ ಹತ್ತಿರ ಬಂದು ಜುಬಾರಾನ ಕಿವಿಯಲ್ಲಿ ಪಿಸುಗುಟ್ಟಿದ. “ಕಿತ್ತುಹಾಕು ಆ ತಂತೀನ! ಈಗ್ಲೇ! ಹಿರಿಯ ನಾನು ಹೇಳ್ತಾ ಇದ್ದೀನಿ.”

ಜುಬಾರಾ ಕೈ ನಿಲ್ಲಿಸಲಿಲ್ಲ. ಮಾವನ ಕಡೆ ತಿರುಗಿ, ಮಗಳ ಮದುವೆಯಲ್ಲಿ ಅತಿಥಿಯೊಬ್ಬನಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ದನಿಯಲ್ಲಿ ತುಂಬಿಕೊಂಡು ಹೇಳಿದ.

“ಮಾವ, ಫಾತಿಹಾ ಓದಿದ ಮೇಲೆ ಮುಗೀತು ಅಂದೋರು ನೀವೇ. ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ.”

ಹಸಬೂ ಮಾವನ ಬಾಯಿ ತೆರೆಯಿತು, ಕರ್ರಾರ್‌ನ ಬಾಯಿಯ ಹಾಗೆಯೇ ಅರ್ಧಕ್ಕೆ ನಿಂತಿತು. ಅವನು ಹಿಂತಿರುಗಿ ಹೋಗಿ ಕುರ್ಚಿಯಲ್ಲಿ ಕೂತ. ಮೂರನೇ ಹಾಡಿಗೆ ಇಜ್ಲಾಲ್ ಗಂಡನ ಕೈ ಹಿಡಿದು ಕುಣಿಯಲು ಎದ್ದಳು, ಹೆಂಗಸರು ಕೇಕೆ ಹಾಕಿದರು, ಜುಬಾರಾ ಮಗಳನ್ನೇ ನೋಡುತ್ತಾ ಕೊನೆಯವರೆಗೂ ನುಡಿಸಿದ. ಹಾಡು ಮುಗಿದ ಮೇಲೆ ಅವನ ಕೈ ಕುಲುಕಲು ಯಾರೂ ಬರಲಿಲ್ಲ. ಗಿಟಾರ್ ಇಟ್ಟು ಮತ್ತೆ ಬಾಗಿಲಿಗೆ ಹೋಗಿ ನಿಂತ.

ಮಾರನೆಯ ದಿನ ಹೊತ್ತೇರಿದ ಮೇಲೆ ನಾನು ಬಿಟ್ಟುಹೋಗಿದ್ದ ಪಿಟೀಲು ತರಲು ಅವನ ಮನೆಗೆ ಹೋದೆ. ಅಂಗಳದ ತುಂಬ ಕುರ್ಚಿ, ತೊಳೆಯದ ತಟ್ಟೆ. ಜುಬಾರಾ ಚಹಾ ಲೋಟ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದ. ಕೇಳುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ ಎಂದು ಕಾಣುತ್ತದೆ. ಬತೂಲ್ ತಟ್ಟೆ ಜೋಡಿಸುತ್ತಾ ನಮ್ಮ ಕಡೆ ನೋಡದೆಯೇ ಹೇಳಿದಳು.

“ಮೂರನೇ ಹಾಡಲ್ಲಿ ತಪ್ಪು ನುಡಿಸ್ದೆ.”

“ಯಾರು, ನಾನಾ?”

“ಇನ್ಯಾರು, ನನ್ನ ತಾತಾನಾ? ಇಜ್ಲಾಲ್ ಎದ್ದು ನಿಂತ್ಲಲ್ಲ, ಆಗ. ಕೆಳಗೆ ಇಳೀಬೇಕಾದಲ್ಲಿ ಇಳೀದೆ ಅಲ್ಲೇ ನಿಂತ್ಬಿಟ್ಟೆ. ಆಮೇಲೆ ಬಸ್ಸು ತಪ್ಪಿದೋನ ಹಾಗೆ ಓಡಿಹೋಗಿ ಹಾಡು ಸೇರ್ಕೊಂಡೆ.”

ಅವನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದ ನನಗೆ ಅದು ಗೊತ್ತಾಗಿರಲಿಲ್ಲ. ಶಿಗೀದಿಗೂ ಗೊತ್ತಾಗಿರಲಿಲ್ಲ. ಜುಬಾರಾ ಲೋಟ ಕೆಳಗಿಟ್ಟ. ಮುನಿಸಿಕೊಳ್ಳುತ್ತಾನೆ ಎಂದುಕೊಂಡೆ. ಅವನ ಮುಖ ನಿಧಾನವಾಗಿ ಅರಳಿತು. ಇಡೀ ಕೇರಿ ತಬ್ಬಿಕೊಂಡು ಹೊಗಳಿದ ದಿನವೂ ನಾನು ಆ ಮುಖ ಕಂಡಿರಲಿಲ್ಲ.

“ಎಲ್ಲಿ ತಪ್ಪಿದೆ? ಇನ್ನೊಂದ್ಸಲ ಹೇಳು.”

ಬತೂಲ್ ಗೊಣಗಿಕೊಂಡು ಆ ಸಾಲನ್ನು ಬಾಯಲ್ಲೇ ಹಾಡಿ, ತಟ್ಟೆಯ ಮೇಲೆ ಬೆರಳಿಂದ ಬಡಿದು, ಅವನು ನಿಂತ ಜಾಗವನ್ನು ತೋರಿಸಿದಳು. ಅವನು ಅದನ್ನು ಮತ್ತೊಮ್ಮೆ ಹೇಳಿಸಿದ. ನಾನು ಪಿಟೀಲು ಎತ್ತಿಕೊಂಡು ಹೊರಟೆ. ನನ್ನ ಪಿಟೀಲನ್ನು ಊರೆಲ್ಲ ಹೊಗಳುತ್ತದೆ. ಎಲ್ಲಿ ತಪ್ಪಿದೆ ಎಂದು ಇದುವರೆಗೆ ಒಬ್ಬರೂ ಹೇಳಿಲ್ಲ.